ಯೋಗ್ಯತಾಪತ್ರಗಳ ಬೆಲೆ

೧

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಯನ್ನು ಹಿಡಿದು ಹೋಗತಕ್ಕವರಿಗೆ ಕಾಮಾಕ್ಷಿಪಾಳ್ಯವು ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಕಿವಿಗೆ ಪರಿಚಯವಾಗುವುದು. ಒಳ ಓಣಿಗಳಲ್ಲಿ ಲೇತುಗಳು ತಿರುಗುವ ಸದ್ದು, ಕಬ್ಬಿಣವನ್ನು ಸಾಣೆ ಹಿಡಿಯುವ ಸದ್ದು, ಪ್ರೆಸ್ಸುಗಳು ತಗಡನ್ನು ಒತ್ತುವ ಸದ್ದು ಬೆಳಗಿನಿಂದ ರಾತ್ರಿಯವರೆಗೆ ನಡೆದೇ ಇರುವುವು. ಕೆಳಗೆ ಕಾರ್ಖಾನೆ, ಮೇಲೆ ಸಂಸಾರ; ಹೀಗೆ ಒಂದೇ ಸೂರಿನಡಿ ದುಡಿಮೆಯೂ ಬಾಳೂ ನಡೆಯುವ ಮನೆಗಳು ಇಲ್ಲಿ ಅನೇಕ. ಇಂತಹ ಒಂದು ಮನೆಯ ಯಜಮಾನರು ನಮಗೆ ಬಹುಕಾಲದ ಪರಿಚಿತರು. ಮೂವತ್ತು ವರ್ಷಗಳಿಂದ ಟರ್ನರ್ ಕೆಲಸ ಮಾಡಿ ಈಗ ಎರಡು ಯಂತ್ರಗಳ ಒಡೆಯರಾಗಿರುವರು. ಕಳೆದ ತಿಂಗಳು ಒಂದು ಸಾಯಂಕಾಲ ಅವರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗನು ಪದವೀಧರ, ಸಣ್ಣದೊಂದು ನೌಕರಿಯಲ್ಲಿರುವನು. ಅವನ ಕೈಯಲ್ಲಿದ್ದ ಮೊಬೈಲಿನಲ್ಲಿ ಹೊರದೇಶದ ಒಂದು ಪ್ರಖ್ಯಾತ ವಿಶ್ವವಿದ್ಯಾನಿಲಯದ ಲಾಂಛನವೂ, ಆರು ತಿಂಗಳ ಅಂತರ್ಜಾಲ ಶಿಕ್ಷಣದ ವಿವರವೂ, ಕೊನೆಯಲ್ಲಿ ದೊರೆಯತಕ್ಕ ಯೋಗ್ಯತಾಪತ್ರದ ಮಾದರಿಯೂ ಇದ್ದುವು. ಶುಲ್ಕವು ಒಂದೂವರೆ ಲಕ್ಷ ರೂಪಾಯಿ.

"ಮೇಷ್ಟ್ರೇ, ಹಣವನ್ನು ಹೇಗಾದರೂ ಹೊಂದಿಸಿಯೇನು. ಆದರೆ ಈ ಕಾಗದದಿಂದ ನನ್ನ ಮಗನಿಗೆ ಏಳಿಗೆಯಾದೀತೆ? ಅದನ್ನು ನೀವು ಹೇಳಬೇಕು" ಎಂದು ತಂದೆ ಕೇಳಿದರು.

ಆ ದಿವಸ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ಒಂದೂವರೆ ಲಕ್ಷವೆಂದರೆ ಆ ಮನೆಗೆ ಹೊಸದೊಂದು ಯಂತ್ರದ ಮುಂಗಡ. ಅಥವಾ ಮಗಳ ಎರಡು ವರ್ಷದ ಓದು. ಯೋಚಿಸುತ್ತ ಹೋದಂತೆ ನಮಗೆ ತೋರಿದ್ದೇನೆಂದರೆ, ಈ ಪ್ರಶ್ನೆಯಲ್ಲಿ ಅಂತರ್ಜಾಲವೆಂಬುದಷ್ಟೇ ಹೊಸತು. ದೂರದ ದೊಡ್ಡ ವಿದ್ಯಾಪೀಠವೊಂದಕ್ಕೆ ಹಣ ತೆತ್ತು, ಅದರ ಮುದ್ರೆಯನ್ನು ಪಡೆದು, ಆ ಮುದ್ರೆಯ ಬಲದಿಂದ ಊರಿನಲ್ಲಿ ಅನ್ನವನ್ನು ಸಂಪಾದಿಸುವ ಪ್ರಯತ್ನವು ನಮ್ಮ ನಾಡಿನಲ್ಲಿ ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಆ ಚರಿತ್ರೆಯನ್ನು ಒಂದಿಷ್ಟು ವಿಚಾರಿಸಿದರೆ ಇಂದಿನ ಪ್ರಶ್ನೆಗೂ ಉತ್ತರ ದೊರೆಯಬಹುದೆಂದು ಈ ಲೇಖನವನ್ನು ಬರೆಯುತ್ತಿರುವೆವು.

೨

ಹೆಸರುವಾಸಿಯಾದ ವಿದ್ಯಾಸ್ಥಾನವನ್ನು ಅರಸಿ ಪರಸ್ಥಳಕ್ಕೆ ಹೋಗುವುದು ಕನ್ನಡಿಗರಿಗೆ ಬಹು ಪ್ರಾಚೀನವಾದ ವಾಡಿಕೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಐದನೆಯ ಶತಮಾನದ ಶಿಲಾಶಾಸನದಿಂದ, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವ್ಯಾಸಂಗಕ್ಕಾಗಿ ಹೋದನೆಂದು ತಿಳಿದುಬರುತ್ತದೆ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾಗಿ ಅವನು ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದ ಕಥೆಯನ್ನು ವಾಚಕರು ಬಲ್ಲರು. ಆದರೆ ಅಂದಿನ ವಿದ್ಯೆಗೆ ಕಾಗದದ ಸಾಕ್ಷಿಯಿರಲಿಲ್ಲ. ವಿದ್ವಾಂಸನ ಯೋಗ್ಯತೆಯನ್ನು ಸಭೆಯು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸುತ್ತಿತ್ತು. ಮೆಚ್ಚಿದ ಅರಸನು ಅಗ್ರಹಾರವನ್ನೋ ವೃತ್ತಿಯನ್ನೋ ಕೊಡುತ್ತಿದ್ದನು. ಪರೀಕ್ಷಿಸುವವನು ಬೇರೆ, ಕೆಲಸ ಕೊಡುವವನು ಬೇರೆ, ಇವರಿಬ್ಬರ ನಡುವೆ ಒಂದು ಕಾಗದವು ಓಡಾಡುವುದು ಎಂಬ ವ್ಯವಸ್ಥೆಯು ಆಂಗ್ಲರ ಆಳ್ವಿಕೆಯಿಂದ ನಮಗೆ ಬಂದದ್ದು.

೧೮೫೭ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮರುವರ್ಷ ಬೆಂಗಳೂರಿನಲ್ಲಿ ಹೈಸ್ಕೂಲು ಆರಂಭವಾಗಿ, ಅದೇ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಆ ಕಾಲದ ವಿಶ್ವವಿದ್ಯಾನಿಲಯವು ಮುಖ್ಯವಾಗಿ ಪರೀಕ್ಷೆ ಮಾಡತಕ್ಕ ಸಂಸ್ಥೆ. ಪಾಠವು ಬೆಂಗಳೂರಿನಲ್ಲಿ ಅಥವಾ ಮೈಸೂರಿನಲ್ಲಿ. ಪ್ರಶ್ನಪತ್ರಿಕೆ, ತೀರ್ಪು, ಮುದ್ರೆ ಇವೆಲ್ಲವೂ ಮದರಾಸಿನಲ್ಲಿ. ಮೈಸೂರು ಸೀಮೆಯ ಹುಡುಗನು ತಾನು ಎಂದೂ ಕಾಣದ ಪಂಡಿತರು ಬರೆದ ಪ್ರಶ್ನೆಗಳಿಗೆ ಉತ್ತರ ಬರೆದು, ಶುಲ್ಕವನ್ನು ಕಟ್ಟಿ, ಗೆಜೆಟ್ಟಿನಲ್ಲಿ ತನ್ನ ಹೆಸರಿದೆಯೇ ಎಂದು ಹುಡುಕುತ್ತಿದ್ದನು. ಮೆಟ್ರಿಕ್ಯುಲೇಷನ್ ಆದವನಿಗೆ ಗುಮಾಸ್ತೆಯ ಕೆಲಸವೂ, ಬಿ.ಎ. ಆದವನಿಗೆ ಅದಕ್ಕಿಂತ ಮೇಲಿನ ಕೆಲಸವೂ ದೊರೆಯುವ ಸಂಭವವಿದ್ದುದರಿಂದ, ನಪಾಸಾದವರು ಕೂಡ ತಮ್ಮ ಹೆಸರಿನ ಮುಂದೆ 'ಬಿ.ಎ. ಫೇಲ್' ಎಂದು ಬರೆದುಕೊಳ್ಳುತ್ತಿದ್ದರೆಂಬುದು ಹಿರಿಯರ ಮಾತು. ಇದನ್ನು ಕೇಳಿ ಇಂದಿನವರು ನಗುವರು. ಆದರೆ ಕಾಲೇಜಿನ ಮೆಟ್ಟಿಲನ್ನು ಹತ್ತಿದವರೇ ವಿರಳರಾಗಿದ್ದ ಕಾಲದಲ್ಲಿ ಅಲ್ಲಿಯವರೆಗೆ ಹೋಗಿಬಂದದ್ದೂ ಒಂದು ಯೋಗ್ಯತೆಯೇ ಆಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಮದರಾಸಿನ ಪತ್ರಕ್ಕೆ ಬೆಲೆ ಬಂದದ್ದು ಮದರಾಸಿನ ಕೀರ್ತಿಯಿಂದ ಮಾತ್ರವಲ್ಲ. ಸರ್ಕಾರವೆಂಬ ದೊಡ್ಡ ಯಜಮಾನನು ಆ ಪತ್ರವನ್ನು ತಂದವನಿಗೆ ಕೆಲಸ ಕೊಡುವೆನೆಂದು ಒಪ್ಪಿಕೊಂಡಿದ್ದನು. ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವೇ ಇದಕ್ಕೆ ದೃಷ್ಟಾಂತ. ಅವರು ೧೮೮೧ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, ೧೮೮೩ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಒಡನೆಯೇ ಬೊಂಬಾಯಿ ಸರ್ಕಾರವು ಅವರಿಗೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಯನ್ನು ಕೊಟ್ಟಿತು. ಅಲ್ಲಿ ಪತ್ರಕ್ಕೂ ಹುದ್ದೆಗೂ ನಡುವೆ ನೇರವಾದ ದಾರಿಯಿತ್ತು. ಆದರೆ ಮುಂದೆ ಅವರು ಮಾಡಿದ ಕೆಲಸಗಳಿಗೆ ಆ ಪತ್ರವು ಬಾಗಿಲನ್ನು ತೆರೆಯಿತೇ ಹೊರತು ಬೇರೇನನ್ನೂ ಮಾಡಲಿಲ್ಲ.

೧೮೯೧ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯು ಏರ್ಪಟ್ಟಿತು. ಪದವಿಯೊಂದೇ ಸಾಲದು, ಪದವೀಧರರು ಮತ್ತೆ ಪೈಪೋಟಿಯ ಪರೀಕ್ಷೆಯಲ್ಲಿ ಗೆಲ್ಲಬೇಕು ಎಂಬ ಕಟ್ಟಳೆಯು ಉಂಟಾಯಿತು. ಪದವಿ ಪಡೆದವರ ಸಂಖ್ಯೆ ಹೆಚ್ಚಿದ ಹಾಗೆಲ್ಲ ಯಜಮಾನನು ಮತ್ತೊಂದು ಜರಡಿಯನ್ನು ಹಿಡಿಯುವನೆಂಬುದಕ್ಕೆ ಇದು ನಿದರ್ಶನ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮದರಾಸಿನ ಎಂ.ಎ. ಪದವಿಯನ್ನೂ ಈ ಪರೀಕ್ಷೆಯ ತೇರ್ಗಡೆಯನ್ನೂ ಸಂಪಾದಿಸಿ ಅಧಿಕಾರದಲ್ಲಿ ಮೇಲೇರಿದರು. ಆದರೂ ತಮಗೆ ಸಲ್ಲಬೇಕಾದ ಉನ್ನತ ಸ್ಥಾನವು ತಮಗಿಂತ ಕಿರಿಯರಿಗೆ ಹೋದಾಗ, ೧೯೪೩ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮೊದಲ ಬಾಗಿಲನ್ನು ತೆರೆದ ಪತ್ರಗಳು ಕೊನೆಯ ಬಾಗಿಲನ್ನು ತೆರೆಯಲಿಲ್ಲ. ಇತ್ತ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನೂ ದಾಟಲಿಲ್ಲ. ಪತ್ರಿಕಾವೃತ್ತಿಯಿಂದಲೂ ಸ್ವಂತ ವ್ಯಾಸಂಗದಿಂದಲೂ ಬೆಳೆದ ಅವರಿಗೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಡಿ.ಲಿಟ್. ಗೌರವವನ್ನು ಅರ್ಪಿಸಿತು. ಇಂತಹ ಒಬ್ಬಿಬ್ಬರನ್ನು ತೋರಿಸಿ ಪತ್ರವೇ ಬೇಡವೆಂದು ಸಾಧಿಸುವುದು ನ್ಯಾಯವಲ್ಲ. ಗುಂಡಪ್ಪನವರಂಥವರು ನೂರು ವರ್ಷಕ್ಕೊಬ್ಬರು. ಹೊಟ್ಟೆಪಾಡಿನ ಚಿಂತೆಯುಳ್ಳವರು ಮನೆಗೊಬ್ಬರು.

೩

ಮೈಸೂರಿಗೆ ತನ್ನದೇ ಆದ ಮುದ್ರೆ ಬೇಕೆಂಬ ಹಂಬಲವು ೧೯೧೬ರ ಜುಲೈ ೨೭ರಂದು ಫಲಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿಯೂ, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾಗಿಯೂ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಲ್ಲಿ ಇದೇ ಮೊದಲನೆಯದು. ಮಹಾರಾಜಾ ಕಾಲೇಜೂ ಸೆಂಟ್ರಲ್ ಕಾಲೇಜೂ ಮದರಾಸಿನಿಂದ ಬಿಡಿಸಿಕೊಂಡು ಇದರ ಅಂಗಗಳಾದುವು. ೧೯೧೮ರ ಮೊದಲ ಘಟಿಕೋತ್ಸವದಲ್ಲಿ ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು ಭಾಷಣ ಮಾಡಿದರು. ಹೊಸ ಮುದ್ರೆಗೆ ಹಳೆಯ ಮುದ್ರೆಗಳ ನಡುವೆ ಸ್ಥಾನ ದೊರೆಯಬೇಕಾದರೆ, ಹಿರಿಯ ವಿದ್ಯಾಪೀಠಗಳವರು ಬಂದು ನಿಂತು ಇದು ನಮ್ಮ ಸಮಾನವೆಂದು ಒಪ್ಪುವುದು ಅಗತ್ಯವಾಗಿತ್ತು.

ಅದೇ ವರ್ಷ ಇನ್ನೊಂದು ಪ್ರಶ್ನೆಯು ಸಂಸ್ಥಾನವನ್ನು ಕಲಕಿತು. ಪರೀಕ್ಷೆಗಳಲ್ಲಿ ಗೆದ್ದವರಿಗೇ ಹುದ್ದೆಗಳೆಂದಮೇಲೆ, ಓದಿಗೆ ಹಣವೂ ಅವಕಾಶವೂ ತಲೆಮಾರುಗಳ ರೂಢಿಯೂ ಉಳ್ಳ ಕೆಲವೇ ಮನೆತನಗಳಿಗೆ ಹುದ್ದೆಗಳೆಲ್ಲ ಹೋದುವು. ಇದನ್ನು ವಿಚಾರಿಸಲು ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ೧೯೧೮ರಲ್ಲಿ ಸಮಿತಿಯನ್ನು ನೇಮಿಸಿದರು. ೧೯೧೯ರಲ್ಲಿ ವರದಿಯನ್ನೊಪ್ಪಿಸಿದ ಆ ಸಮಿತಿಯು ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಹಿಂದುಳಿದ ಸಮುದಾಯಗಳಿಗೆ ಕೊಡಬೇಕೆಂದು ಸಲಹೆಮಾಡಿತು. ಪರೀಕ್ಷೆಯ ಅಂಕಗಳೊಂದರಿಂದಲೇ ಮನುಷ್ಯನ ದಕ್ಷತೆಯನ್ನು ಅಳೆಯಲಾಗದು ಎಂಬುದು ಅದರ ಆಧಾರವಾಗಿದ್ದ ತತ್ತ್ವ. ಯೋಗ್ಯತಾಪತ್ರವು ಯೋಗ್ಯತೆಯನ್ನು ತೋರಿಸುವುದು ಎಷ್ಟು ದಿಟವೋ, ಅದನ್ನು ಕೊಳ್ಳಬಲ್ಲವರ ಅನುಕೂಲವನ್ನು ತೋರಿಸುವುದೂ ಅಷ್ಟೇ ದಿಟ. ಶುಲ್ಕ ತೆತ್ತು ಪಡೆಯುವ ಪತ್ರಗಳ ವಿಷಯದಲ್ಲಿ ಈ ಮಾತನ್ನು ಮರೆಯಬಾರದು.

೪

ಇನ್ನು ಕಾಲೇಜಿನ ಮುಖವನ್ನೇ ನೋಡದೆ ಪರೀಕ್ಷೆಯನ್ನು ಮಾತ್ರ ಕೊಟ್ಟು ಮುದ್ರೆ ಪಡೆಯುವ ಪದ್ಧತಿಯ ವಿಷಯ. ಇಂದಿನ ಅಂತರ್ಜಾಲ ಶಿಕ್ಷಣಕ್ಕೆ ಇದು ಹತ್ತಿರದ ನಂಟು. ೧೮೫೮ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಪದವಿ ಪರೀಕ್ಷೆಗಳನ್ನು ಎಲ್ಲಿ ಓದಿದವರಿಗಾದರೂ ತೆರೆದಿಟ್ಟಿತು; ೧೮೬೫ರಲ್ಲಿ ಕಡಲಾಚೆಯ ಮಾರಿಷಸ್ಸಿನಲ್ಲಿಯೂ ಪರೀಕ್ಷೆ ನಡೆಯಿತು. ಈ ಪದ್ಧತಿಯು ಗೌರವಯುತವಾಗಿ ಬಾಳಿದುದಕ್ಕೆ ಕಾರಣವೇನೆಂದರೆ, ಪರೀಕ್ಷೆಯು ಕಾವಲಿನಲ್ಲಿ ನಡೆಯುತ್ತಿತ್ತು. ಹಣ ಕಟ್ಟಿದವರೆಲ್ಲರೂ ತೇರ್ಗಡೆಯಾಗುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಇದರ ಶ್ರೇಷ್ಠವಾದ ಉದಾಹರಣೆಯನ್ನು ಒದಗಿಸಿದುದು ೧೯೨೦ರಲ್ಲಿ ಸ್ಥಾಪಿತವಾಗಿ ೧೯೩೫ರಲ್ಲಿ ರಾಜಶಾಸನವನ್ನು ಪಡೆದ ಇಂಜಿನಿಯರುಗಳ ಸಂಸ್ಥೆ. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಅದರ ಪರೀಕ್ಷೆಗಳ ಎರಡು ಭಾಗಗಳನ್ನೂ ಮುಗಿಸಿ 'ಎ.ಎಂ.ಐ.ಇ.' ಎಂಬ ಅಕ್ಷರಗಳನ್ನು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರು. ಸರ್ಕಾರವು ಅದನ್ನು ಇಂಜಿನಿಯರಿಂಗ್ ಪದವಿಗೆ ಸಮಾನವೆಂದು ಪರಿಗಣಿಸುತ್ತಿತ್ತು. ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದರ ಮೇಲೊಂದರಂತೆ ಕಾರ್ಖಾನೆಗಳು ಬಂದುವು. ಹಗಲೆಲ್ಲ ಯಂತ್ರದ ಮುಂದೆ ನಿಂತು, ರಾತ್ರಿ ಒಂದೇ ದೀಪದಡಿ ಮಕ್ಕಳ ಪಾಠದೊಡನೆ ತಾವೂ ಬಲವಿಜ್ಞಾನವನ್ನು ಓದಿದ ಫೋರ್‌ಮನ್ನರು ರಾಜಾಜಿನಗರದಿಂದ ಮಲ್ಲೇಶ್ವರದವರೆಗೆ ಇದ್ದರು. ಎ.ಎಂ.ಐ.ಇ. ಮುಗಿಸುವುದೆಂದರೆ ಹಲವು ವರ್ಷಗಳ ತಪಸ್ಸು. ಹಲವರು ನಡುವೆಯೇ ಕೈಬಿಡುತ್ತಿದ್ದರು. ಮುಗಿಸಿದವರಿಗೆ ಬಡ್ತಿಯ ಬಾಗಿಲು ತೆರೆಯುತ್ತಿತ್ತು. ಅವರು ಆಗಲೇ ಕಾರ್ಖಾನೆಯೊಳಗಿದ್ದವರು. ಅವರ ಕೈಗೆಲಸವನ್ನು ಯಜಮಾನನು ಬಲ್ಲನು. ಅಕ್ಷರಗಳು ಆ ಕೈಗೆಲಸಕ್ಕೆ ಹೊಂದಿಕೊಂಡು ಬಂದುವು.

ಆದರೆ ಈ ಕಥೆಗೆ ಒಂದು ಉತ್ತರಾರ್ಧವುಂಟು. ೨೦೧೩ರ ಮೇ ೩೧ರವರೆಗೆ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಹಿಂದಿನ ಮಾನ್ಯತೆ ಎಂದು ಕೇಂದ್ರ ಸರ್ಕಾರವು ಗೆರೆ ಎಳೆಯಿತು. ಪರೀಕ್ಷೆ ನಡೆಸುವ ಸಂಸ್ಥೆಯು ಅದೇ, ಹೆಸರೂ ಅದೇ. ಆದರೆ ಒಪ್ಪಿಕೊಳ್ಳುವವನು ಹಿಂದೆ ಸರಿದೊಡನೆ ಅಕ್ಷರಗಳ ಬೆಲೆಯು ಇಳಿಯಿತು. ಮುದ್ರೆಯ ಬೆಲೆಯು ಮುದ್ರೆ ಒತ್ತಿದವನಿಗಿಂತ ಹೆಚ್ಚಾಗಿ ಅದನ್ನು ಅಂಗೀಕರಿಸುವವನ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಡ.

ಇನ್ನೂ ಮನೆಯ ಹತ್ತಿರದ ಉದಾಹರಣೆಗಳಿವೆ. ನಮ್ಮ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಬೀದಿಗೊಂದರಂತೆ ಬೆರಳಚ್ಚು ಮತ್ತು ಶೀಘ್ರಲಿಪಿಯ ಶಾಲೆಗಳಿದ್ದುವು. ಸರ್ಕಾರದ ಪರೀಕ್ಷೆಯಲ್ಲಿ ಜೂನಿಯರ್, ಸೀನಿಯರ್ ದರ್ಜೆಗಳನ್ನು ಮುಗಿಸಿದ ಹುಡುಗಿಯರು ಆ ಒಂದು ಪತ್ರದ ಬಲದಿಂದ ಕಚೇರಿಗಳಿಗೆ ಸೇರಿ ಸಂಸಾರಗಳನ್ನು ಎತ್ತಿ ನಿಲ್ಲಿಸಿದರು. ಗಣಕಯಂತ್ರವು ಬಂದು ಪ್ರತಿಯೊಬ್ಬ ಅಧಿಕಾರಿಯೂ ತಾನೇ ಬೆರಳಚ್ಚು ಮಾಡತೊಡಗಿದಮೇಲೆ ಆ ಶಾಲೆಗಳು ಬಹುಮಟ್ಟಿಗೆ ಮರೆಯಾದುವು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಕಟ್ಟಿ ಕನ್ನಡ ಪಂಡಿತರಾದವರನ್ನೂ, ಹಿಂದಿ ಪ್ರಚಾರ ಸಂಸ್ಥೆಗಳ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ ಹಿಂದಿ ಅಧ್ಯಾಪಕಿಯರಾದ ಗೃಹಿಣಿಯರನ್ನೂ ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮೈಸೂರು ಹಿಂದಿ ಪ್ರಚಾರ ಪರಿಷತ್ತು ಇರುವುದು ಇಲ್ಲೇ ಪಕ್ಕದ ರಾಜಾಜಿನಗರದಲ್ಲಿ. ಆ ಸಂಸ್ಥೆಗಳ ಹೆಸರು ಲೋಕವಿಖ್ಯಾತವೇನಲ್ಲ, ಶುಲ್ಕವೂ ಅಲ್ಪ. ಆದರೂ ಶಾಲೆಗಳು ಆ ಪತ್ರಗಳನ್ನು ಅಂಗೀಕರಿಸಿದುದರಿಂದ ಅವು ಅನ್ನವನ್ನು ಕೊಟ್ಟುವು.

೫

ಅಂಚೆಯ ಮೂಲಕ ಪಾಠವನ್ನು ಮನೆಗೆ ಕಳುಹಿಸುವ ಕಾರ್ಯವನ್ನು ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಆರಂಭಿಸಿತು. ಅದೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಳ್ಳಿಯ ಶಿಕ್ಷಕರು, ಪೊಲೀಸರು, ಬಸ್ಸಿನ ಕಂಡಕ್ಟರುಗಳು, ಮದುವೆಯಾಗಿ ಓದನ್ನು ನಿಲ್ಲಿಸಿದ್ದ ಹೆಣ್ಣುಮಕ್ಕಳು ಇದರಿಂದ ಪದವೀಧರರಾದರು. ಈ ಉಪಕಾರವನ್ನು ಕನ್ನಡನಾಡು ಮರೆಯಲಾಗದು.

ಆದರೆ ಕ್ರಮೇಣ ಆ ಹೆಸರಿನಲ್ಲಿ ರಾಜ್ಯದ ಎಲ್ಲೆಯನ್ನು ಮೀರಿ, ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ, ತಾಂತ್ರಿಕ ವಿಷಯಗಳಲ್ಲಿಯೂ ಶಿಕ್ಷಣ ನಡೆಯತೊಡಗಿತು. ೨೦೧೨-೧೩ರ ಅನಂತರದ ಶಿಕ್ಷಣಕ್ಕೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೫ರಲ್ಲಿ ಪ್ರಕಟಿಸಿತು. ಎಲ್ಲೋ ನಡೆದ ವ್ಯವಹಾರದ ಫಲವನ್ನು ನಮ್ಮ ನಾಡಿನಲ್ಲೇ ಶ್ರದ್ಧೆಯಿಂದ ಓದಿದ್ದ ಸಾವಿರಾರು ಮಂದಿ ಉಣ್ಣಬೇಕಾಯಿತು. ಬಡ್ತಿಗಾಗಿ ಓದಿದವರ ಬಡ್ತಿ ನಿಂತಿತು. ನೇಮಕದ ಅರ್ಜಿಗಳಲ್ಲಿ ಪದವಿಯನ್ನು ಬರೆದವರು ಸಂಶಯಕ್ಕೆ ಗುರಿಯಾದರು. ೨೦೧೮ರಲ್ಲಿ ಮಾನ್ಯತೆಯು ಮರಳಿ ದೊರೆಯಿತು. ನಡುವೆ ಕಳೆದ ವರ್ಷಗಳನ್ನು ಅವರಿಗೆ ಯಾರು ಮರಳಿಸಬಲ್ಲರು? ಹೆಸರೊಂದನ್ನು ಇತರರಿಗೆ ಬಳಸಲು ಕೊಟ್ಟಾಗ ಹೆಸರಿಗೆ ತಗಲುವ ಪೆಟ್ಟು ಮೊದಲು ಬೀಳುವುದು ಆ ಹೆಸರನ್ನು ನಂಬಿದ ವಿದ್ಯಾರ್ಥಿಯ ಮೇಲೆ.

೬

ಈಗ ಹುಡುಗನ ಮೊಬೈಲಿನಲ್ಲಿದ್ದ ಪತ್ರಕ್ಕೆ ಬರೋಣ. ಅಂತರ್ಜಾಲ ಶಿಕ್ಷಣವು ಆರಂಭದಲ್ಲಿ ಉದಾರವಾದ ದಾನವಾಗಿ ಬಂದಿತು. ೨೦೦೧ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯು ತನ್ನ ಪಾಠಗಳನ್ನು ಲೋಕಕ್ಕೆಲ್ಲ ಉಚಿತವಾಗಿ ಕೊಡುವೆನೆಂದು ಸಾರಿತು. ನಮ್ಮಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಸೇರಿ ೨೦೦೩ರಲ್ಲಿ 'ಎನ್‌ಪಿಟೆಲ್' ಎಂಬ ಪಾಠಮಾಲೆಯನ್ನು ತೊಡಗಿದುವು. ೨೦೧೧ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ಅಧ್ಯಾಪಕರು ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನಡೆಸಿದ ಪಾಠಕ್ಕೆ ಸುಮಾರು ೧,೬೦,೦೦೦ ಮಂದಿ ಹೆಸರು ಕೊಟ್ಟರು. ಮುಗಿಸಿದವರು ಸುಮಾರು ೨೩,೦೦೦. ಅವರಿಗೆ ದೊರೆತ ಪತ್ರದಲ್ಲಿ ಅಧ್ಯಾಪಕರ ರುಜುವಿತ್ತೇ ಹೊರತು ವಿಶ್ವವಿದ್ಯಾನಿಲಯದ ಮುದ್ರೆಯಿರಲಿಲ್ಲ. ಪಾಠವನ್ನು ಹಂಚಲು ಒಪ್ಪಿದ ವಿದ್ಯಾಪೀಠವು ಮುದ್ರೆಯನ್ನು ಹಂಚಲು ಒಪ್ಪಲಿಲ್ಲ.

೨೦೧೨ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಮುಂತಾದ ಸಂಸ್ಥೆಗಳು ತಲೆಯೆತ್ತಿದುವು. ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳು ಸೇರಿ ಕಟ್ಟಿದ ಎಡ್‌ಎಕ್ಸ್ ಮೊದಲಲ್ಲಿ ಪತ್ರವನ್ನೂ ಉಚಿತವಾಗಿಯೇ ಕೊಡುತ್ತಿತ್ತು. ೨೦೧೫ರ ಅಂತ್ಯದೊಡನೆ ಆ ವಾಡಿಕೆಯು ಮುಗಿದು ಪತ್ರಕ್ಕೆ ಶುಲ್ಕ ಕಡ್ಡಾಯವಾಯಿತು. ೨೦೨೧ರಲ್ಲಿ ಆ ಸಂಸ್ಥೆಯನ್ನು ೮೦ ಕೋಟಿ ಡಾಲರುಗಳಿಗೆ ಕೊಂಡ ಕಂಪೆನಿಯು ೨೦೨೪ರಲ್ಲಿ ದಿವಾಳಿಯ ರಕ್ಷಣೆಯನ್ನು ಕೋರಿ ನ್ಯಾಯಾಲಯಕ್ಕೆ ಹೋಯಿತು. ದಾನವಾಗಿ ಆರಂಭವಾದದ್ದು ಹೀಗೆ ಹನ್ನೆರಡು ವರ್ಷಗಳಲ್ಲಿ ವ್ಯಾಪಾರದ ಏಳುಬೀಳುಗಳಿಗೆ ಒಳಗಾಯಿತು.

ಎಂ.ಐ.ಟಿ. ಮತ್ತು ಹಾರ್ವರ್ಡುಗಳ ಇಂತಹ ಪಾಠಗಳ ಲೆಕ್ಕವನ್ನು ಇಬ್ಬರು ಸಂಶೋಧಕರು ೨೦೧೯ರಲ್ಲಿ ಪ್ರಕಟಿಸಿದರು. ೨೦೧೭-೧೮ರಲ್ಲಿ ಹೆಸರು ಕೊಟ್ಟವರಲ್ಲಿ ಮುಗಿಸಿದವರು ನೂರಕ್ಕೆ ೩ ಮಂದಿ. ಪತ್ರಕ್ಕಾಗಿ ಶುಲ್ಕ ಕಟ್ಟಿದವರಲ್ಲಿ ನೂರಕ್ಕೆ ೪೬ ಮಂದಿ. ಹಣ ಕಟ್ಟಿದವನಿಗೆ ಪಟ್ಟು ಹೆಚ್ಚು ಎಂಬುದು ಇದರಿಂದ ಕಾಣುವುದು. ಹಣ ಕಟ್ಟಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಗಿಸದೆ ಬಿಟ್ಟರೆಂಬುದೂ ಕಾಣುವುದು. ಈ ಪಾಠಗಳ ವಿಸ್ತಾರವು ಸಂಪದ್ಭರಿತ ದೇಶಗಳಲ್ಲಿಯೇ ಹೆಚ್ಚಾಗಿ ನಡೆದಿದೆಯೆಂದೂ ಅದೇ ಲೆಕ್ಕವು ಹೇಳುತ್ತದೆ. ಮಿಲ್ಲರ್ ಸಮಿತಿಯು ಮೈಸೂರಿನಲ್ಲಿ ಕಂಡದ್ದೇ ಲೋಕದ ಮಟ್ಟದಲ್ಲಿ ಮತ್ತೆ ಕಂಡುಬಂದಿತು.

ನಮ್ಮ ದೇಶದ ವ್ಯವಸ್ಥೆಯು ಇದಕ್ಕಿಂತ ಸ್ವಲ್ಪ ಬೇರೆಯಾದುದು. ಎನ್‌ಪಿಟೆಲ್‌ನಲ್ಲಿ ಪಾಠವು ಉಚಿತ. ಪತ್ರ ಬೇಕೆಂಬುವರು ಅಲ್ಪ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ತಾವೇ ಹೋಗಿ, ಕಾವಲಿನಲ್ಲಿ ಪರೀಕ್ಷೆ ಬರೆಯಬೇಕು. ೨೦೧೭ರಲ್ಲಿ ಕೇಂದ್ರ ಸರ್ಕಾರವು 'ಸ್ವಯಂ' ಎಂಬ ವೇದಿಕೆಯನ್ನು ಏರ್ಪಡಿಸಿತು. ಪದವಿಯ ಪಾಠಗಳಲ್ಲಿ ನೂರಕ್ಕೆ ೨೦ರಷ್ಟನ್ನು ಇದರ ಮೂಲಕ ಮುಗಿಸಬಹುದೆಂದು ೨೦೧೬ರಲ್ಲಿ ಮಾಡಿದ್ದ ನಿಯಮವನ್ನು ೨೦೨೧ರಲ್ಲಿ ನೂರಕ್ಕೆ ೪೦ಕ್ಕೆ ಏರಿಸಿದರು. ಮಾನ್ಯತೆಯುಳ್ಳ ವಿಶ್ವವಿದ್ಯಾನಿಲಯಗಳು ನಿಯಮಾನುಸಾರ ಅಂತರ್ಜಾಲದ ಮೂಲಕ ಕೊಡುವ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನವೆಂದು ಆಯೋಗವು ೨೦೨೨ರಲ್ಲಿ ಸಾರಿತು. ಆದರೆ ಹೊರದೇಶದ ವಿದ್ಯಾಪೀಠಗಳೊಡನೆ ಸೇರಿ ಇಲ್ಲಿಯ ಕಂಪೆನಿಗಳು ಅಂತರ್ಜಾಲದಲ್ಲಿ ಕೊಡುವ ಪದವಿಗಳಿಗೆ ಮಾನ್ಯತೆಯಿಲ್ಲವೆಂದು ೨೦೨೩ರಲ್ಲಿ ಅದೇ ಆಯೋಗವು ಎಚ್ಚರಿಸಿತು. ಪದವಿ ಬೇರೆ, ಕೆಲವು ತಿಂಗಳ ಯೋಗ್ಯತಾಪತ್ರ ಬೇರೆ. ಎರಡಕ್ಕೂ ಒಂದೇ ಲಾಂಛನವಿರಬಹುದು. ಎರಡರ ಹಕ್ಕೂ ಒಂದೇ ಅಲ್ಲ.

೭

ಇಷ್ಟನ್ನು ತಿಳಿದುಕೊಂಡಮೇಲೆ ನಾವು ಒಂದು ದಿನ ಆ ಪರಿಚಿತರ ಕಾರ್ಖಾನೆಗೇ ಹೋದೆವು. ಅಲ್ಲಿ ಗಣಕದಿಂದ ನಡೆಯುವ ಹೊಸ ಯಂತ್ರವನ್ನು ಒಬ್ಬ ಯುವಕನು ನಡೆಸುತ್ತಿದ್ದನು. ಅವನನ್ನು ಹೇಗೆ ಆರಿಸಿಕೊಂಡಿರಿ ಎಂದು ಕೇಳಿದೆವು. "ಟೂಲ್ ರೂಮಿನಲ್ಲಿ ಕಲಿತ ಹುಡುಗ, ಮೇಷ್ಟ್ರೇ. ಡ್ರಾಯಿಂಗ್ ಕೊಟ್ಟೆ, ಓದಿದ. ವರ್ನಿಯರ್ ಕೊಟ್ಟೆ, ಅಳತೆ ಸರಿಯಾಗಿ ಹೇಳಿದ. ಮಾರನೆಯ ದಿನವೇ ಕೆಲಸಕ್ಕೆ ಬಾ ಎಂದೆ" ಎಂದರು.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನೇ ಜನರು ಟೂಲ್ ರೂಮ್ ಎನ್ನುವುದು. ಡೆನ್ಮಾರ್ಕ್ ಸರ್ಕಾರದ ಸಹಕಾರದೊಡನೆ ೧೯೭೨ರಲ್ಲಿ ಸ್ಥಾಪಿತವಾದ ಈ ಕೇಂದ್ರದಲ್ಲಿ ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾಕ್ಕೆ ಮೂರು ವರ್ಷದ ಪಾಠವೂ ಒಂದು ವರ್ಷ ಕಾರ್ಖಾನೆಯೊಳಗಿನ ತರಬೇತಿಯೂ ಉಂಟು. ಇದರ ಹೆಸರು ಹಾರ್ವರ್ಡಿನಂತೆ ಲೋಕದಲ್ಲೆಲ್ಲ ಕೇಳಿಬರುವುದಲ್ಲ. ಆದರೆ ಮಾಗಡಿ ರಸ್ತೆಯಿಂದ ಪೀಣ್ಯದವರೆಗಿನ ಕಾರ್ಖಾನೆಗಳವರಿಗೆ, ಅಲ್ಲಿಂದ ಬಂದವನಿಗೆ ಏನು ಬರುತ್ತದೆಂಬುದು ಗೊತ್ತು. ಅಷ್ಟೇ ಅಲ್ಲ, ಆ ಪತ್ರವನ್ನು ತಂದವನ ಕೈಗೆ ವರ್ನಿಯರನ್ನು ಕೊಟ್ಟು ಪತ್ರವು ಹೇಳಿದ್ದು ನಿಜವೇ ಎಂದು ಕಾಲು ಗಂಟೆಯೊಳಗೆ ನೋಡಿಬಿಡುವರು. ತಾಳಗುಂದದ ಕಾಲದ ಸಭೆಯ ಪರೀಕ್ಷೆಯು ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ.

ದೊಡ್ಡ ಹೆಸರಿನ ಪತ್ರಗಳು ವ್ಯರ್ಥವೆಂದು ನಾವು ಹೇಳುವುದಿಲ್ಲ. ಮೇಲಿನ ಚರಿತ್ರೆಯಿಂದ ತಿಳಿದುಬರುವುದು ಇಷ್ಟು. ಅಂಗೀಕರಿಸುವ ಯಜಮಾನನು ನಿಶ್ಚಿತನಾಗಿ ಇದ್ದಾಗ ಮದರಾಸಿನ ಮೆಟ್ರಿಕ್ಯುಲೇಷನ್ನೂ ಬೆರಳಚ್ಚಿನ ಪರೀಕ್ಷೆಯೂ ಸಮನಾಗಿ ಅನ್ನ ಕೊಟ್ಟುವು. ಪರೀಕ್ಷೆಯು ಕಠಿನವಾಗಿಯೂ ಕಾವಲಿನಲ್ಲಿಯೂ ನಡೆದಾಗ ಲಂಡನ್ನಿನ ಪದವಿಗೂ ಎ.ಎಂ.ಐ.ಇ.ಗೂ ಗೌರವ ದೊರೆಯಿತು. ಕೆಲಸದಲ್ಲಿದ್ದವನು ತನ್ನ ಕೆಲಸಕ್ಕೆ ಬೇಕಾದುದನ್ನೇ ಕಲಿತಾಗ ಪತ್ರವು ಬಡ್ತಿಗೆ ನೆರವಾಯಿತು. ಈ ಮೂರರಲ್ಲಿ ಒಂದೂ ಇಲ್ಲದೆ ಹೆಸರೊಂದನ್ನೇ ನೆಚ್ಚಿದವರಿಗೆ ಆ ಹೆಸರು ಬಹುಕಾಲ ಆಸರೆಯಾದ ಉದಾಹರಣೆಯು ನಮಗ��� ಕಾಣಲಿಲ್ಲ.

ಆದಕಾರಣ ಹಣ ಕಟ್ಟುವ ಮೊದಲು ಪ್ರತಿಯೊಂದು ಮನೆಯವರೂ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ಈ ಪತ್ರವನ್ನು ನೋಡಿ ಕೆಲಸವನ್ನೋ ಬಡ್ತಿಯನ್ನೋ ಕೊಟ್ಟ ಯಜಮಾನನೊಬ್ಬನನ್ನಾದರೂ ನಾವು ಬಲ್ಲೆವೆ? ಹಣ ಕಟ್ಟಿಯೂ ಇದರಲ್ಲಿ ನಪಾಸಾಗುವುದು ಸಾಧ್ಯವೆ? ಪತ್ರವನ್ನು ಬಚ್ಚಿಟ್ಟರೂ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು? ಪಾಠವೇ ಉಚಿತವಾಗಿ ದೊರೆಯುವಾಗ ಮೊದಲು ಪಾಠವನ್ನು ಮುಗಿಸಿ ನೋಡಿ, ಪತ್ರದ ಶುಲ್ಕದ ಮಾತನ್ನು ಅನಂತರ ಯೋಚಿಸುವುದು ಮೇಲು.

ಈ ಮಾತುಗಳನ್ನೇ ಹುಡುಗನಿಗೆ ಹೇಳಿದೆವು. ಅವನು ಬುದ್ಧಿವಂತ. ತನ್ನ ಕಚೇರಿಯ ಮೇಲಧಿಕಾರಿಯನ್ನು ಹೋಗಿ ಕೇಳಿದನು. ಅವರು, ಆ ಲಾಂಛನದಿಂದ ತಮಗೆ ಪ್ರಯೋಜನವಿಲ್ಲ, ಆದರೆ ಅದೇ ವಿಷಯವನ್ನು ಬಲ್ಲವನೊಬ್ಬನು ತಮಗೆ ಬೇಕಾಗಿರುವನು ಎಂದರಂತೆ. ಈಗ ಅವನು ಪ್ರತಿ ರಾತ್ರಿಯೂ ಎನ್‌ಪಿಟೆಲ್‌ನ ಉಚಿತ ಪಾಠವನ್ನು ಓದುತ್ತಿರುವನು, ಪರೀಕ್ಷೆಗೂ ಕಟ್ಟಿರುವನು. ಕೆಳಗೆ ತಂದೆಯ ಲೇತು ನಿಲ್ಲುವ ಹೊತ್ತಿಗೆ ಮೇಲೆ ಮಗನ ದೀಪವು ಹೊತ್ತಿಕೊಳ್ಳುವುದು. ಪರೀಕ್ಷೆಯ ಫಲವು ಏನಾಗುವುದೋ ನಾವು ಅರಿಯೆವು. ಒಂದೂವರೆ ಲಕ್ಷ ರೂಪಾಯಿಯು ಮಾತ್ರ ಸದ್ಯಕ್ಕೆ ಮನೆಯಲ್ಲಿಯೇ ಇದೆ. ಅವನ ತಂಗಿಯು ಈ ವರ್ಷ ಕಾಲೇಜಿಗೆ ಸೇರಿರುವಳು.